ಮನೆ ಇಲ್ಲದವನ ಮನೆಭೇಟಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಆ ಸಿಟ್ಟಿನಿಂದ ನನಗಾದ ನಷ್ಟ ಕಡಿಮೆ. ಬೇರೆಯವರಿಗೆ ಆದದ್ದರಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಐವತ್ತರ ದಶಕದ ನಡುವಿನಲ್ಲಿ ಧಾರವಾಡದಿಂದ ಮುಂಬಯಿಗೆ ಬಂದ ನನಗೆ ಧಾರಾವಿಯ ಅಂಚಿನ ಒಂದು ಕ್ಷಯರೋಗದ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ರೋಗಿಗಳ ಮನೆಗೆ ಹೇಳದೆ ಕೇಳದೆ ಹೋಗಿ ಅವರು ಗುಳಿಗೆ ನುಂಗುತ್ತಿದ್ದಾರೋ ಇಲ್ಲವೋ ನೋಡಬೇಕು. ಕನ್ನಡದವರು ಬಂದರೆ ಡಾಕ್ಟರ ಮಾತನ್ನು ಅವರಿಗೆ ತಿಳಿಸಬೇಕು. ಆಗ ಅಲ್ಲೊಂದು ಪರೀಕ್ಷೆ ನಡೆದಿತ್ತು. ಕ್ಷಯದವರನ್ನು ಆಸ್ಪತ್ರೆಯಲ್ಲೇ ಮಲಗಿಸಬೇಕೋ, ಹೊಸ ಗುಳಿಗೆ ಕೊಟ್ಟು ಮನೆಯಲ್ಲಿಟ್ಟರೂ ವಾಸಿಯಾಗುತ್ತದೋ ಎಂದು ತಿಳಿಯಬೇಕಿತ್ತು. ಯಾರಿಗೆ ಹಾಸಿಗೆ, ಯಾರಿಗೆ ಮನೆ ಎಂಬುದನ್ನು ಡಾಕ್ಟರು ಕೂಡ ಆರಿಸುವಂತಿರಲಿಲ್ಲ. ಅಂಟಿಸಿದ ಲಕೋಟೆ ಒಡೆದರೆ ಒಳಗಿನ ಚೀಟಿ ಹೇಳುತ್ತಿತ್ತು. ಇದನ್ನೆಲ್ಲ ರೋಗಿಗೆ ಅವನ ಭಾಷೆಯಲ್ಲಿ ಬಿಡಿಸಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂದು ಇಂಗ್ಲಿಷಿನಲ್ಲಿ ಇಡೀ ಒಂದು ಪುಟ ಇತ್ತು. ಅದನ್ನು ನಾನು ಒಂದೇ ಉಸಿರಿಗೆ ಮುಗಿಸುತ್ತಿದ್ದೆ: "ಹೊಸಾ ಗುಳಿಗಿ ಬಂದಾವ. ಪುಕ್ಕಟೆ. ಇಲ್ಲಿ ಹೆಬ್ಬಟ್ಟ ಒತ್ರಿ." ಸರದಿ ಬೀದಿಯ ತನಕ ಇರುತ್ತಿತ್ತು. ಪರೀಕ್ಷೆ ಎಂಬ ಮಾತನ್ನು ನಾನು ಒಬ್ಬರಿಗಾದರೂ ಹೇಳಿದ ನೆನಪಿಲ್ಲ.

ಒಂದು ಮಧ್ಯಾಹ್ನ ಉಡುಪಿ ಕಡೆಯ ಒಬ್ಬ ಬಂದ. ಮೂವತ್ತರ ಆಸುಪಾಸು. ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ, ದೋಸೆಯ ಹಿಟ್ಟು ರುಬ್ಬುವ ಕೆಲಸ. ಬಲಗೈಯಲ್ಲಿ ಮಾತ್ರ ಮಾಂಸ ಉಳಿದಿತ್ತು, ಮಿಕ್ಕ ಮೈಯೆಲ್ಲ ಎಲುಬು. ಮನೆ ಎಲ್ಲಿ ಎಂದು ಕೇಳಿದರೆ ಹೋಟೆಲು ಎಂದ. ಹೋಟೆಲಿನ ಆಳುಗಳೆಲ್ಲ ಆಗ ಹಾಗೆಯೇ. ಕೆಲವರು ಮೇಜಿನ ಮೇಲೆ, ಇವನು ರುಬ್ಬುವ ಕಲ್ಲಿನ ಪಕ್ಕ ಮಲಗುತ್ತಿದ್ದ. ಆದರೆ ನಗರದಲ್ಲಿ ಖಾಯಂ ಮನೆ ಇದ್ದವರನ್ನು ಮಾತ್ರ ಪರೀಕ್ಷೆಗೆ ಸೇರಿಸಬೇಕೆಂಬ ನಿಯಮವಿತ್ತು. ನಾನು ಪೆನ್ನು ಕೆಳಗಿಟ್ಟೆ.

"ವಿಚಾರ ಮಾಡಿ ಹೇಳ್ರಿ," ಎಂದೆ. "ಮನಿ ಇದ್ದವರಿಗಷ್ಟ ಗುಳಿಗಿ."

ಅವನು ವಿಚಾರ ಮಾಡಿ, ಚೆಂಬೂರಿನ ಚಾಳೊಂದರಲ್ಲಿದ್ದ ದೊಡ್ಡಪ್ಪನ ಮಗನ ವಿಳಾಸ ಹೇಳಿದ. ನಾನು ಬರೆದುಕೊಂಡೆ. ಲಕೋಟೆ ಒಡೆದಾಗ 'ಮನೆ' ಎಂಬ ಚೀಟಿಯೇ ಬಂತು. ಅವನು ನಕ್ಕ, ನಾನೂ ನಕ್ಕೆ. ಹೊರಡುವಾಗ ಒಂದೇ ಒಂದು ಮಾತು ಕೇಳಿಕೊಂಡ: "ಧಣಿಗೆ ಮಾತ್ರ ಗೊತ್ತಾಗ್ಬಾರ್ದು ಅಕ್ಕ. ಗೊತ್ತಾದ್ರೆ ಊರಲ್ಲಿ ಹೆಂಡತಿ ಮಕ್ಕಳು ಉಪವಾಸ." ಆಗಲಿ ಎಂದೆ.

ಹದಿನೈದು ದಿನಕ್ಕೊಮ್ಮೆ, ಹೋಟೆಲಿನ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಬಿಡುವಿನಲ್ಲಿ ಅವನು ಬರುತ್ತಿದ್ದ. ಗುಳಿಗೆಯ ಖಾಲಿ ಡಬ್ಬಿಯನ್ನು ತೊಳೆದು ಒರೆಸಿ ತರುತ್ತಿದ್ದವನು ಅವನೊಬ್ಬನೇ. ಕೆಮ್ಮು ಕಡಿಮೆಯಾಯಿತು, ಕೆನ್ನೆ ತುಂಬಿತು. ಆ ಹಿಟ್ಟಿನ ದೋಸೆ ತಿಂದವರ ಗತಿಯೇನು ಎಂದು ನೀವು ಕೇಳಬಹುದು. ಡಾಕ್ಟರನ್ನು ನಾನೂ ಕೇಳಿದ್ದೆ. ಬೆಂದ ದೋಸೆಯಿಂದ ಭಯವಿಲ್ಲ, ಪಕ್ಕದಲ್ಲಿ ಮಲಗುವವರಿಗೆ ಕೆಮ್ಮಿನಿಂದ ಅಪಾಯ, ಗುಳಿಗೆ ತಪ್ಪಿಸದಿದ್ದರೆ ಅದೂ ಇಳಿಯುತ್ತದೆ ಎಂದಿದ್ದರು.

ಎಲ್ಲ ಸರಿಯಿತ್ತು. ನನ್ನ ರಿಜಿಸ್ಟರಿನಲ್ಲಿ ಮನೆಭೇಟಿಯ ಕಾಲಂ ಒಂದೇ ಖಾಲಿ. ಚೆಂಬೂರಿಗೆ ಎರಡು ಸಲ ಹೋಗಿದ್ದೆ. ಎರಡು ಸಲವೂ ಅವನ ಅತ್ತಿಗೆ, ಈಗಷ್ಟೇ ಹೊರಗೆ ಹೋದ ಎಂದು ಕಳಿಸಿದ್ದಳು. ಮೂರನೆಯ ಸಲ ಆಕೆಗೂ ಸಾಕಾಗಿತ್ತು. ಅವನು ಇಲ್ಲಿ ಒಂದು ದಿನವೂ ಮಲಗಿದವನಲ್ಲ, ಪಾರ್ಲೆಗೇ ಹೋಗಿ ನೋಡಿ ಎಂದಳು. ಇದು ನನಗೆ ಗೊತ್ತಿಲ್ಲದ ಸುದ್ದಿಯೇನಲ್ಲ. ಆದರೂ ಬಿಸಿಲಲ್ಲಿ ಮೂರು ಸಲ ಅಲೆಸಿದನಲ್ಲ ಎಂದು ಪಿತ್ತ ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಲೋಕಲ್ ಹತ್ತಿ ಹೋಟೆಲಿಗೆ ಹೋದೆ.

ಗಲ್ಲಾದಲ್ಲಿ ಧಣಿ ಕೂತಿದ್ದರು. ನಾಲ್ಕೈದು ಜನ ಚಹಾ ಕುಡಿಯುತ್ತಿದ್ದರು. ರುಬ್ಬುವವನನ್ನು ಕರೆಯಿರಿ ಎಂದೆ. ಧಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅವ ನಿಮಗೆ ಎಂತ ಆಗ್ಬೇಕು?"

ಚಹಾ ಕುಡಿಯುತ್ತಿದ್ದವರು ತಲೆಯೆತ್ತಿದರು, ಒಬ್ಬ ನಕ್ಕ. ನನಗಾಗ ಇಪ್ಪತ್ಮೂರು, ಮದುವೆಯಾಗಿರಲಿಲ್ಲ. ಊರಿನಿಂದ ಕಾಗದ ತಂದಿದ್ದೇನೆ ಎನ್ನಬಹುದಿತ್ತು. ತಂಗಿ ಎನ್ನಬಹುದಿತ್ತು. ಏನೂ ಹೇಳದೆ ತಿರುಗಿ ಬರಬಹುದಿತ್ತು.

"ನಾ ಕ್ಷಯದ ದವಾಖಾನಿಯಾಕಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಅವರ ಗುಳಿಗಿ ಎಣಸಾಕ ಬಂದೇನಿ."

ನನ್ನ ಮಾನ ಉಳಿಯಿತು. ಚಹಾದವರು ಲೋಟ ಅಲ್ಲಲ್ಲೇ ಬಿಟ್ಟು ಎದ್ದರು. ಒಳಗಿನ ಬಾಗಿಲಲ್ಲಿ ಅವನು ಬಂದು ನಿಂತಿದ್ದ, ಮೊಣಕೈ ತನಕ ಉದ್ದಿನ ಹಿಟ್ಟು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕೈ ತೊಳೆದುಕೊಂಡು ಒಳಗಿನಿಂದ ಡಬ್ಬಿ ತಂದು ಮೇಜಿನ ಮೇಲಿಟ್ಟ. ನಾನು ಎಣಿಸಿದೆ. ಹೌದು, ಅಷ್ಟಾದ ಮೇಲೂ ಎಣಿಸಿದೆ. ಎಷ್ಟಿರಬೇಕೋ ಅಷ್ಟೇ ಇದ್ದವು.

ಧಣಿ ಕೆಟ್ಟವರೆಂದು ನಾನು ಹೇಳಲಾರೆ. ಅಷ್ಟು ಜನರೆದುರು ಕೇಳಿಸಿಕೊಂಡ ಮೇಲೆ ಅವರಿಗೂ ದಾರಿ ಇರಲಿಲ್ಲ. ಅಂದೇ ಅವನ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಿದರು. ಮುಂದಿನ ಸರದಿಗೆ ಅವನು ಬರಲಿಲ್ಲ. ಪರೀಕ್ಷೆಯಿಂದ ಅವನ ಹೆಸರು ಹೊಡೆದುಹಾಕಿ ಕಾರಣ ಬರೆಯಿರಿ ಎಂದರು ಡಾಕ್ಟರು. 'ಸುಳ್ಳು ವಿಳಾಸ ಕೊಟ್ಟಿದ್ದ, ಸಹಕರಿಸಲಿಲ್ಲ' ಎಂದು ಬರೆದೆ. ವಿಳಾಸ ಹುಡುಕಿಸಿದವಳು ಯಾರು ಎಂದು ಬರೆಯಲು ಅಲ್ಲಿ ಕಾಲಂ ಇರಲಿಲ್ಲ.

ಈಗ ಇಂಥ ಪರೀಕ್ಷೆಗಳಿಗೆ ಪುಟಗಟ್ಟಲೆ ಒಪ್ಪಿಗೆಪತ್ರ, ಮೇಲೊಂದು ಸಮಿತಿ ಇರುತ್ತದೆಂದು ಪತ್ರಿಕೆಯಲ್ಲಿ ಓದುತ್ತೇನೆ. ಒಳ್ಳೆಯದೇ. ಆದರೆ ಪುಟ ಆಗಲೂ ಇತ್ತು. ಅದನ್ನು ಓದಿ ಹೇಳಬೇಕಾದವಳು ನಾನಾಗಿದ್ದೆ.

ತಿಂಗಳ ನಂತರ ಚೆಂಬೂರಿನ ಅಣ್ಣ ದವಾಖಾನೆಗೆ ಬಂದ. ಕೈಯಲ್ಲಿ ಅದೇ ಡಬ್ಬಿ. ಊರಿನಿಂದ ಬಂದವರೊಬ್ಬರ ಹತ್ತಿರ ತಮ್ಮ ಕೊಟ್ಟು ಕಳಿಸಿದ್ದನಂತೆ. ಒಂದು ಹೊತ್ತೂ ತಪ್ಪಿಸಿಲ್ಲ, ಗುಳಿಗೆ ಮುಗಿದಿದೆ, ಮತ್ತೆ ಕೆಮ್ಮು ಶುರುವಾಗಿದೆ ಎಂದು ಕಾಗದ ಬರೆಸಿದ್ದನಂತೆ. ಅಂಗಡಿಯಲ್ಲಿ ಕೊಳ್ಳುವುದು ಅಂಥವರ ಕೈಲಾಗುವ ಮಾತಲ್ಲ.

"ಅಕ್ಕನ ಹತ್ರ ಕೊಡು, ತುಂಬಿಸಿ ಕೊಡ್ತಾರೆ ಅಂದಿದ್ದಾನೆ," ಎಂದ ಅಣ್ಣ.

ನಾನು ಒಳಗೆ ಹೋಗಿ ಡಾಕ್ಟರನ್ನು ಕೇಳಿದೆ. ಅವರು ರಿಜಿಸ್ಟರ್ ತೆರೆದು, ನಾನು ಬರೆದ ಸಾಲನ್ನು ಓದಿ, ನನ್ನ ಕಡೆಗೇ ತಿರುಗಿಸಿದರು. ಪರೀಕ್ಷೆಯಲ್ಲಿ ಇಲ್ಲದವನಿಗೆ ಪರೀಕ್ಷೆಯ ಗುಳಿಗೆ ಕೊಡುವುದು ಹೇಗೆ ಎಂದು ಮೆಲ್ಲಗೇ ಕೇಳಿದರು. ಹೊರಗೆ ಬಂದು ಆಗುವುದಿಲ್ಲ ಎಂದೆ. ಅವನು ಜಗಳವಾಡಲಿಲ್ಲ. ಡಬ್ಬಿ ತೆಗೆದುಕೊಂಡು ಹೋಗಲೇ ಎಂದು ಕೇಳಿದ. ಅದು ದವಾಖಾನೆಯದ್ದು, ಇಟ್ಟು ಹೋಗ್ರಿ ಎಂದೆ.

ಡಬ್ಬಿಯನ್ನು ತೊಳೆಯುವ ಕೆಲಸ ಕೂಡ ಇರಲಿಲ್ಲ, ಅವನೇ ತೊಳೆದು ಕಳಿಸಿದ್ದ. ಮರುದಿನ ಅದರ ಮೇಲೆ ಬೇರೆಯವರ ನಂಬರು ಅಂಟಿಸಿದೆ.