ಹಸಿ ಮಣ್ಣು ತೂಗಿದ ಮೇಸ್ತ್ರಿ

ಕಳೆದ ವಾರ ಬ್ರೂಕ್‌ಫೀಲ್ಡ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವರ ಅಪಾರ್ಟ್‌ಮೆಂಟಿನ ಗೇಟಿಗೆ ಹೊಸ ಪಟ್ಟಿ ವೆಲ್ಡ್ ಮಾಡಿ, ಅದರ ಮೇಲೆ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಕಬ್ಬಿಣದ ಕಾವು ಇನ್ನೂ ಪೂರ್ತಿ ಇಳಿದಿರಲಿಲ್ಲವೇನೋ, ಬಣ್ಣದ ವಾಸನೆ ಗಪ್ಪೆಂದು ಮೂಗಿಗೆ ಅಡರಿತು. ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಲಿಫ್ಟಿನ ಕಡೆ ಹೋದಳು. ನಾನು ಅಲ್ಲೇ ನಿಂತುಬಿಟ್ಟೆ. ಜಿಗಣಿ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಟಿಪ್ಪರ್ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ ಮೇಸ್ತ್ರಿ ನೆನಪಾದರು...

ವಿಜಯಪುರದ ಕಡೆಯವರು. ಸಣಕಲು ಆಳು. ವೆಲ್ಡಿಂಗ್ ಕಿಡಿ ಸಿಡಿದು ಒಂದು ಹುಬ್ಬು ಅರ್ಧ ಸುಟ್ಟುಹೋಗಿತ್ತು. ಕನ್ನಡಕದ ಒಂದು ಕಡ್ಡಿಯ ಬದಲು ದಾರ ಕಟ್ಟಿಕೊಂಡಿರುತ್ತಿದ್ದರು. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಅವರು ಮೇಸ್ತ್ರಿ.

ಆಗ ನಾನು ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಲೋಡಿಂಗ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನನ್ನ ಗಂಡ ನಮ್ಮದೇ ಒಂದು ಹಳೆಯ ಅಗೆಯುವ ಯಂತ್ರ ಇಟ್ಟುಕೊಂಡು ಕಟ್ಟಡಗಳಿಗೆ ಪಾಯ ತೆಗೆಯುತ್ತಿದ್ದರು. ಅಗೆದ ಮಣ್ಣು ಸಾಗಿಸಲು ಬೇರೆಯವರ ಟಿಪ್ಪರ್‌ಗಳಿಗೆ ಕಾಯಬೇಕಿತ್ತು. ಕಾದು ಕಾದು ಸಾಕಾಗಿ, ನಮ್ಮದೇ ಒಂದು ಟಿಪ್ಪರ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆವು. ಶೋರೂಮಿನ ಹುಡುಗ ಹನ್ನೆರಡು ಚಕ್ರದ ಗಾಡಿ ತೋರಿಸಿದ. ಇವರು ಕ್ಯಾಬಿನ್ ಹತ್ತಿ ಕೂತವರು ಇಳಿಯಲೇ ಒಲ್ಲರು. ಮನೆಗೆ ಬರುವಷ್ಟರಲ್ಲಿ ಫೋನಿನಲ್ಲೇ ಅರ್ಧ ಆನೇಕಲ್ ತಾಲ್ಲೂಕಿಗೆ ಸುದ್ದಿ ಮುಟ್ಟಿಸಿದ್ದರು.

ಎಂಜಿನ್, ಕ್ಯಾಬಿನ್, ಗಾಲಿ ಇರುವ ಚಾಸಿ ಮಾತ್ರ ತೆಗೆದುಕೊಂಡು ಹಿಂದಿನ ಬಾಡಿ ಹೊರಗೆ ಕಟ್ಟಿಸುವುದೆಂದು ಮಾತಾಗಿತ್ತು. ಹಾಗಾಗಿ ಬುಕ್ ಮಾಡುವ ಮೊದಲು ಮೇಸ್ತ್ರಿಯ ಶೆಡ್ಡಿಗೆ ಹೋದೆವು.

"ಎಷ್ಟು ದೊಡ್ಡದಾಗ್ತದೋ ಅಷ್ಟು ದೊಡ್ಡ ಬಾಡಿ ಕಟ್ಟಿ ಮೇಸ್ತ್ರಿ. ಸೈಡು ಎತ್ತರಕ್ಕಿರ್ಲಿ," ಎಂದರು ನನ್ನ ಗಂಡ.

ಮೇಸ್ತ್ರಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. "ಏನ್ ಹೇರ್ತೀರಿ ಅಣ್ಣಾರ?"

"ಮಣ್ಣು."

"ಯಾವ ಮಣ್ಣ? ಒಣದೋ, ಹಸೀದೋ?"

ಇವರು ನಕ್ಕುಬಿಟ್ಟರು. "ಮಣ್ಣು ಅಂದ್ರೆ ಮಣ್ಣು. ಅದ್ರಲ್ಲೇನ್ ಜಾತಿ?"

"ಹಂಗಾರ ನಾ ಒಮ್ಮೆ ನೋಡ್ಬೇಕ್ರೀ. ಅಲ್ಲೀ ತನಕ ಗಾಡಿ ಬುಕ್ ಮಾಡಬ್ಯಾಡ್ರಿ."

ಆ ಭಾನುವಾರ ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ನಾವು ಪಾಯ ತೆಗೆಯುತ್ತಿದ್ದ ಜಾಗಕ್ಕೆ ಅವರು ಮೊಪೆಡ್‌ನಲ್ಲಿ ಬಂದರು. ಹಿಂದೆ ಎರಡು ಪೇಂಟ್ ಬಕೆಟ್ ಕಟ್ಟಿಕೊಂಡಿದ್ದರು. ಒಂದಕ್ಕೆ ಮೇಲಿನ ಒಣ ಮಣ್ಣು ತುಂಬಿದರು. ಇನ್ನೊಂದಕ್ಕೆ ಗುಂಡಿಯ ತಳಕ್ಕಿಳಿದು, ನೀರು ಜಿನುಗುತ್ತಿದ್ದ ಕಡೆಯಿಂದ ಕೆಂಪು ಜೇಡಿ ತುಂಬಿ ತಂದರು. ಪಕ್ಕದ ರಸ್ತೆಯ ಗುಜರಿ ಅಂಗಡಿಗೆ ನಡೆದುಹೋಗಿ ಅಲ್ಲಿನ ತಕ್ಕಡಿಯಲ್ಲಿ ಎರಡನ್ನೂ ತೂಗಿಸಿದರು. ಬಕೆಟ್ ಎರಡೂ ಒಂದೇ ಅಳತೆಯವು. ಆದರೆ ಹಸಿ ಮಣ್ಣಿನದು ತಕ್ಕಡಿಯ ಮುಳ್ಳನ್ನು ಎಲ್ಲಿಗೋ ಒಯ್ದಿತು. ಆಮೇಲೆ ಅಂಗಡಿಯ ಮುಂದೆಯೇ ಎರಡನ್ನೂ ಬೋರಲು ಹಾಕಿದರು. ಒಣ ಮಣ್ಣು ಸೊರ್ ಎಂದು ಬಿತ್ತು. ಹಸಿ ಮಣ್ಣು ಅಲುಗಲಿಲ್ಲ. ತಳಕ್ಕೆ ಎರಡು ಗುದ್ದು ಗುದ್ದಿದರೂ ಅರ್ಧ ಒಳಗೇ ಉಳಿಯಿತು.

"ನೋಡ್ರಿ ಅಕ್ಕಾರ," ಎಂದರು ನನ್ನ ಕಡೆ ತಿರುಗಿ. "ಬಾಡಿ ದೊಡ್ಡದಿದ್ರ ತುಂಬೋ ಮನಸಾಗ್ತದ. ತುಂಬಿದ್ರ ತೂಕ ಮಿತಿ ಮೀರ್ತದ. ಮ್ಯಾಲೆ ಎತ್ತಿದ್ರ ಮಣ್ಣು ಇಳಿಯಂಗಿಲ್ಲ, ಮೂಲ್ಯಾಗ ಕುಂತ್ಬಿಡ್ತದ."

ಅಲ್ಲಿಂದ ಮಣ್ಣು ಸುರಿಯುವ ಜಾಗದವರೆಗಿನ ದಾರಿಯನ್ನೂ ನೋಡಬೇಕೆಂದರು. ಮುಂದೆ ಅವರ ಮೊಪೆಡ್, ಹಿಂದೆ ನಮ್ಮ ಸ್ಕೂಟರ್. ಹೆಬ್ಬಗೋಡಿಯ ಬಾಡಿಗೆ ಮನೆಗಳ ನಡುವಿನ ಒಂದು ತಿರುವಿನಲ್ಲಿ ನಿಲ್ಲಿಸಿ, ಜೇಬಿನಿಂದ ಹಗ್ಗ ತೆಗೆದರು. ಹನ್ನೆರಡು ಚಕ್ರದ ಗಾಡಿಯ ಉದ್ದಕ್ಕೆ ಅಳೆದು ಗಂಟು ಹಾಕಿದ ಹಗ್ಗ. ಒಂದು ತುದಿ ನನ್ನ ಗಂಡನ ಕೈಗೆ ಕೊಟ್ಟು "ನೀವು ಮುಂದಿನ ಗಾಲಿ" ಎಂದರು. ನಾನು ಹಿಂದಿನ ಗಾಲಿ. ಇಬ್ಬರೂ ಹಗ್ಗ ಬಿಗಿಯಾಗಿ ಹಿಡಿದುಕೊಂಡು ಆ ತಿರುವನ್ನು ಸುತ್ತಬೇಕು! ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡು ಹೊರಗೆ ಬಂದರು. ಇವರು ಮುಂದೆ ಗತ್ತಿನಲ್ಲೇ ತಿರುಗಿದರು. ನಾನು ಹೋಗಿ ಒಂದು ಮನೆಯ ತುಳಸಿ ಕಟ್ಟೆಗೆ ಗುದ್ದಿದೆ. ಆ ಮನೆಯ ಅಜ್ಜಿ ಬೈದದ್ದು ಈಗಲೂ ಕಿವಿಯಲ್ಲಿದೆ.

ಮಣ್ಣು ಸುರಿಯುವ ಜಾಗ ಜಿಗಣಿ ದಾಟಿ ಇತ್ತು. ಹಳ್ಳ ತುಂಬಿಸಿ ಸಮ ಮಾಡುತ್ತಿದ್ದ ನೆಲ. ಮೇಸ್ತ್ರಿ ಹಿಮ್ಮಡಿ ಊರಿ ನೋಡಿದರು. ಹಿಮ್ಮಡಿ ಹೂತುಕೊಂಡಿತು. ಅದನ್ನು ಕೀಳದೆ, ಯಾರಿಗೋ ಹೇಳುವವರಂತೆ ಹೇಳಿದರು. ಮೊದಲು ಪೀಣ್ಯದಲ್ಲಿದ್ದಾಗ ಒಬ್ಬ ಮಾಲೀಕ ಕೇಳಿದನೆಂದು ಎತ್ತರದ ಬಾಡಿ ಕಟ್ಟಿಕೊಟ್ಟಿದ್ದರು. ಅದಕ್ಕೆ ಡ್ರೈವರ್ ಆಗಿ ತಮ್ಮ ಊರಿನವನನ್ನೇ ಸೇರಿಸಿದ್ದರು. ಮಳೆಗಾಲದಲ್ಲಿ ಇಂಥದ್ದೇ ನೆಲದ ಮೇಲೆ ಬಾಡಿ ಎತ್ತಿದಾಗ ಮಣ್ಣು ತುದಿಯಲ್ಲೇ ಅಂಟಿ ನಿಂತಿತು, ಒಂದು ಗಾಲಿ ಕುಸಿಯಿತು, ಗಾಡಿ ಮಗುಚಿತು.

"ಕಾಲು ಹೋತ್ರೀ ಅವಂದು. ದವಾಖಾನ್ಯಾಗ ನೋಡಾಕ ಹೋದ್ರ ನನಗ ಒಂದು ಮಾತೂ ಅನ್ನಲಿಲ್ಲ ಅವ. ಅಂದಿದ್ರ ಚೊಲೋ ಇತ್ತು..."

ಕಾಲಿಗೆ ಮೆತ್ತಿದ ಮಣ್ಣನ್ನು ಕಲ್ಲಿಗೆ ಒರೆಸಿಕೊಂಡು ಮೊಪೆಡ್ ಕಡೆ ನಡೆದರು.

ಹತ್ತು ಚಕ್ರದ್ದು ಸಾಕು, ಗಾಡಿ ಗಿಡ್ಡವಿರಲಿ ಎಂದರು ಮೇಸ್ತ್ರಿ. ಬಾಡಿಯ ಪಕ್ಕಗಳು ತಗ್ಗಾಗಿರಲಿ, ಒಳಗೆ ಎಲ್ಲೂ ಚೂಪು ಮೂಲೆ ಬೇಡ, ಹಿಂದಕ್ಕೆ ಹೋದ ಹಾಗೆ ತುಸು ಅಗಲವಾಗಲಿ, ಮಣ್ಣು ಜಾರುತ್ತದೆ. ಬಾಡಿ ಎತ್ತುವ ಜಾಕ್ ಅದರ ಹೊಟ್ಟೆಯ ಕೆಳಗಲ್ಲ, ಮುಂಭಾಗದಲ್ಲಿರಲಿ. ಎಂಜಿನ್ನಿಗೆ ಎಷ್ಟು ಕುದುರೆ ಬಲ ಎಂದು ಶೋರೂಮಿನವನನ್ನು ಕೇಳುವ ಬದಲು, ತುಂಬಿದ ಗಾಡಿ ಪಾಯದ ಗುಂಡಿಯಿಂದ ಮೊದಲನೇ ಗೇರಿನಲ್ಲಿ ಮೇಲೆ ಹತ್ತುತ್ತದೆಯೇ ಎಂದು ಕೇಳಿ, ಹತ್ತಿಸಿ ತೋರಿಸಲು ಹೇಳಿ ಎಂದರು. ಬಾಡಿ ಚಿಕ್ಕದಾದಷ್ಟೂ ಅವರಿಗೇ ಸಂಪಾದನೆ ಕಡಿಮೆ. ಅದು ಅವರ ತಲೆಗೆ ಬಂದ ಹಾಗೆಯೇ ಕಾಣಲಿಲ್ಲ.

ನನ್ನ ಗಂಡ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. "ಊರಿಗೆಲ್ಲ ಅನ್ನೆರಡು ಚಕ್ರ ಅಂತ ಏಳ್ಕೊಂಡು ಬಂದಿವ್ನಲ್ಲೇ," ಎಂದು ಒಂದೇ ರಾಗ. ನಾಲ್ಕನೇ ದಿನ ಕೈ ತೊಳೆಯುತ್ತಾ, ನನ್ನ ಮುಖ ನೋಡದೆ, "ಅತ್ತು ಚಕ್ರದ್ದೇ ಬುಕ್ ಮಾಡಾನ ನಡಿ" ಎಂದರು.

ಮೇಸ್ತ್ರಿ ಹೇಳಿದ್ದೆಲ್ಲವೂ ಸರಿಯಾಯಿತೆಂದಲ್ಲ. ಕೆಸರಿನಲ್ಲಿ ಹಿಡಿತ ಸಿಗಲೆಂದು ದಪ್ಪ ಹಲ್ಲಿನ ಟೈರನ್ನೇ ಎಲ್ಲ ಗಾಲಿಗೂ ಹಾಕಿಸಿದರು. ಹೊಸೂರು ರಸ್ತೆಯ ಡಾಂಬರಿನಲ್ಲಿ ಮುಂದಿನವು ಬೇಗನೆ ಸವೆದುಹೋದವು. ಹೇಳಿದಾಗ ಮೇಸ್ತ್ರಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ, "ಇದು ನನ್ನ ತಪ್ಪರೀ. ತಿರುವು ನೋಡಿದ್ನಿ, ಡಾಂಬರ್ ನೋಡಲಿಲ್ಲ" ಎಂದರು. ಆದರೆ ಗಾಡಿ ಕೈಗೆ ಬಂದ ದಿನ ಬಾಡಿಯ ಪಕ್ಕದಲ್ಲಿ ಎರಡು ಪುಟ್ಟ ಕಬ್ಬಿಣದ ಮೆಟ್ಟಿಲು, ಒಂದು ಹಿಡಿಕೆ ಕಂಡವು. ನಾವು ಕೇಳಿರಲಿಲ್ಲ. "ಅಕ್ಕಾರು ಸೀರಿ ಉಡ್ತಾರ. ಒಳಗ ಮಣ್ಣು ಉಳದದೋ ಇಲ್ಲೋ ಹತ್ತಿ ನೋಡಬೇಕಲ್ಲ," ಎಂದರು. ಹತ್ತಿ ನೋಡುವವಳು ನಾನೇ ಎಂದು ಅವರಿಗೆ ಹೇಗೆ ಗೊತ್ತಾಯಿತೋ!

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಒಂದು ಮಧ್ಯಾಹ್ನ ಮಣ್ಣು ಸುರಿಯುವ ಜಾಗದಲ್ಲಿ ನಮ್ಮ ಗಾಡಿಯ ಪಕ್ಕದಲ್ಲೇ ಇನ್ನೊಂದು ಟಿಪ್ಪರ್ ಬಾಡಿ ಎತ್ತಿತು. ಎತ್ತರದ ಬಾಡಿ. ನಮ್ಮದರಿಂದ ಮಣ್ಣು ಒಂದೇ ಸಲಕ್ಕೆ ಜಾರಿ ಬಿತ್ತು. ಅದರದ್ದು ಬೀಳಲಿಲ್ಲ. ನನ್ನ ಗಂಡ ನೋಡನೋಡುತ್ತಿದ್ದಂತೆ ಆ ಗಾಡಿ ಮೆಲ್ಲಗೆ ವಾಲಿ, ನಮ್ಮ ಗಾಡಿ ಇಲ್ಲದ ಆಚೆ ಪಕ್ಕಕ್ಕೆ ಮಗುಚಿತು. ಡ್ರೈವರ್ ಹೊರಗೆ ಹಾರಿ ಬದುಕಿಕೊಂಡ. ಇವರೇ ಅವನನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಕೆಸರು ಮೈಯಲ್ಲೇ ಸೀದಾ ಶೆಡ್ಡಿಗೆ ಹೋದರು. ಇವರ ಫೋನ್ ಬಂದದ್ದೇ ನಾನೂ ಫ್ಯಾಕ್ಟರಿಯಿಂದ ಅಲ್ಲಿಗೆ ಓಡಿಹೋದೆ.

ಇವರು ಮೇಸ್ತ್ರಿಯ ಎದುರು ಹೋಗಿ ನಿಂತರು. ಹೇಳಿದ್ದು ಇಷ್ಟೇ: "ಊಟ ಆಯ್ತಾ ಮೇಸ್ತ್ರಿ?"

ಮೇಸ್ತ್ರಿಗೆ ಆಗಲೇ ಸುದ್ದಿ ಮುಟ್ಟಿತ್ತು. "ಡ್ರೈವರ್ ಹೆಂಗದಾನ?" ಎಂದರು.

"ಕೈ ಮುರಿದದೆ ಅಷ್ಟೆ. ಉಳ್ಕೊಂಡ."

"ಆ ಬಾಡಿ ಕಟ್ಟಿದವರು ಯಾರಂತ ಗೊತ್ತದನ್ರೀ?"

ಇವರು ಹೇಳಿದರು. ಮೇಸ್ತ್ರಿ ಅಂಗಿ ತೊಟ್ಟು ಮೊಪೆಡ್ ತೆಗೆದರು. ಜಗಳಕ್ಕೆ ಹೊರಟರೇನೋ ಎಂದು ನಾನು ಹೆದರಿದೆ. "ಇಲ್ರೀ ಅಕ್ಕಾರ. ಇವತ್ತ ಅವಗ ಅನ್ನ ಇಳಿಯಂಗಿಲ್ಲ. ಜೋಡಿ ಕುಂತು ಬರ್ತೀನಿ," ಎಂದು ಹೊರಟುಹೋದರು.

ಆಮೇಲೆ ನಮ್ಮ ಬದುಕು ನಿಧಾನವಾಗಿ ಹಸನಾಯಿತು. ನಾನು ಫ್ಯಾಕ್ಟರಿ ಬಿಟ್ಟು ಗಾಡಿಗಳನ್ನೇ ನೋಡಿಕೊಳ್ಳತೊಡಗಿದೆ. ಈಗ ನಾಲ್ಕು ಟಿಪ್ಪರ್‌ಗಳಿವೆ. ಜಲ್ಲಿ ಹೊಡೆಯಲೆಂದು ಹನ್ನೆರಡು ಚಕ್ರದ್ದೂ ಒಂದು ಬಂದಿದೆ. ನನ್ನ ಗಂಡ ಅದನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಮೇಸ್ತ್ರಿ ಮಾತ್ರ ಕಣ್ಣು ಮಂಜಾಗಿ, ಶೆಡ್ ಬಿಟ್ಟು ಊರಿಗೆ ಹೋದರು. ಹೊರಡುವ ದಿನ ಬಂದು ಫೋನ್ ನಂಬರ್ ಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೋದರು. ಫೋನ್ ಮಾಡುತ್ತೇನೆ, ಮಾಡುತ್ತೇನೆ ಅಂದುಕೊಂಡೇ ವರ್ಷಗಳು ಕಳೆದವು...

ತಂಗಿಯ ಮನೆಯಿಂದ ಬಂದ ಸಂಜೆ ಆ ನಂಬರ್ ಹುಡುಕಿ ಫೋನ್ ಮಾಡಿದೆ. ಅವರ ಮಗಳು ಎತ್ತಿದಳು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ಕೊನೆಕೊನೆಗೆ ಕಣ್ಣು ಪೂರ್ತಿ ಹೋಗಿತ್ತಂತೆ. ಮನೆ ರಸ್ತೆಯ ಪಕ್ಕದಲ್ಲೇ. ದಿನವೆಲ್ಲ ಕಟ್ಟೆಯ ಮೇಲೆ ಕೂತು, ಹೋಗುವ ಲಾರಿಗಳ ಸದ್ದು ಕೇಳುತ್ತಾ "ಇದು ಖಾಲಿ ಅದ", "ಇವ ಭಾಳ ಹೇರ್ಯಾನ" ಎನ್ನುತ್ತಿದ್ದರಂತೆ. "ಒಂದಿನಾನೂ ಬ್ಯಾಸರ ಮಾಡ್ಕೊಳ್ಳಿಲ್ರೀ ಅಕ್ಕಾರ. ನಕ್ಕೋತನೇ ಹೋದ್ರು," ಎಂದಳು.

ಫೋನಿಟ್ಟು ಹೊರಗೆ ಬಂದು ಜಗುಲಿಯ ಮೇಲೆ ಕೂತೆ. ರಸ್ತೆಯಲ್ಲಿ ಯಾರದೋ ಟಿಪ್ಪರ್ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು, ಅದು ಪೂರ್ತಿ ದಾಟಿಹೋಗುವವರೆಗೂ ಕೇಳಿದೆ. ತುಂಬಿದೆಯೋ ಖಾಲಿಯೋ, ನನಗೆ ತಿಳಿಯಲಿಲ್ಲ.