ನರ್ಸಮ್ಮನ ಮನೆಯ ಕೈಕಾಲುಗಳು

ಮೊನ್ನೆ ತಿಪಟೂರಿನ ಛತ್ರವೊಂದರಲ್ಲಿ ನನ್ನ ತಂಗಿಯ ಮಗಳ ಮದುವೆ. ಹೆಣ್ಣಿನ ಕೋಣೆಯಲ್ಲಿ ಹುಡುಗಿಯರೆಲ್ಲ ಸೇರಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಕಿಟಕಿ ಮುಚ್ಚಿತ್ತು. ಆ ಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಛತ್ರದಲ್ಲಿರಲಿಲ್ಲ. ನಲವತ್ತು ವರ್ಷ ಹಿಂದಿನ ನಮ್ಮ ಹಿತ್ತಲಿನಲ್ಲಿದ್ದೆ. ಅದೇ ವಾಸನೆ... ನೆತ್ತಿಗೆ ಹತ್ತಿ ಅಲ್ಲೇ ಕೂರುವಂಥದ್ದು. "ಯಾಕೆ ದೊಡ್ಡಮ್ಮ, ತಲೆ ಸುತ್ತುತ್ತಾ?" ಅಂದಳು ಮದುಮಗಳು. ಇಲ್ಲ ಅಂದೆ. ನರ್ಸಮ್ಮನ ವಿಷಯ ಅವಳಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ನಾನು ಮದುವೆಯಾಗಿ ಹೊನ್ನವಳ್ಳಿಗೂ ಆಚೆಯ ಆ ಊರಿಗೆ ಬಂದ ವರ್ಷವೇ ನರ್ಸಮ್ಮನೂ ಬಂದರು. ಎಂಬತ್ತರ ದಶಕದ ಮೊದಮೊದಲು. ನಮ್ಮ ಹಿತ್ತಲಿಗೂ ಅವರ ಬಾಡಿಗೆ ಮನೆಗೂ ನಡುವೆ ಇದ್ದದ್ದು ತೆಂಗಿನ ಸೋಗೆಯ ಒಂದು ತಟ್ಟಿ, ಅಷ್ಟೇ. ಭದ್ರಾವತಿ ಕಡೆಯವರು, ಸರ್ಕಾರದ ಹೆರಿಗೆ ನರ್ಸು. ಒಬ್ಬರೇ ಇದ್ದರು. ಹಣೆಯಲ್ಲಿ ಬೊಟ್ಟಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ. ಮದುವೆಯೇ ಆಗಿಲ್ಲವೋ, ಆಗಿ ಬಿಟ್ಟು ಬಂದವರೋ... ಊರಿನ ಬಾಯಿಗೆ ಅಷ್ಟು ಸಾಕಾಗಿತ್ತು. ಬೆಳಿಗ್ಗೆ ಬಿಳಿ ಸೀರೆಯುಟ್ಟು ಸುತ್ತಮುತ್ತಲ ಹಳ್ಳಿಗಳಿಗೆ ಹೊರಟರೆ ಮಧ್ಯಾಹ್ನ ಇಳಿದ ಮೇಲೆ ಬರುತ್ತಿದ್ದರು. ಉಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲೆ ಆ ವಾಸನೆ ತಟ್ಟಿ ದಾಟಿ ನಮ್ಮ ಕಡೆ ಬರುತ್ತಿತ್ತು.

"ಇದು ಮದ್ದಿನ ವಾಸ್ನೆ ಅಲ್ಲ ಕಣೇ," ಅನ್ನುತ್ತಿದ್ದರು ನಮ್ಮತ್ತೆ, ಕೊಬ್ಬರಿ ಆರಿಸುತ್ತಿದ್ದ ಕೈ ನಿಲ್ಲಿಸಿ. "ನಾನೂ ಆಸ್ಪತ್ರೆ ಕಂಡಿವ್ನಿ."

ಆಗಾಗ ಅವರಿಗೆ ಹೊರದೇಶದ ಸ್ಟಾಂಪು ಹಚ್ಚಿದ ಪೊಟ್ಟಣ ಬರುತ್ತಿತ್ತು. ಅಲ್ಲಾಡಿಸಿದರೆ ಒಳಗೆ ಮೂಳೆ ಇದ್ದಂಗೆ ಗಲಗಲ ಅನ್ನುತ್ತದೆ ಎಂದು ಪೋಸ್ಟಿನವನು ಹೇಳಿದ. ಅದು ಊರೆಲ್ಲ ಹರಡಿದ ಮೇಲೆ, ಅವರ ಮನೆಯ ಮುಸುರೆ ತೊಳೆಯುವ ಹೆಂಗಸು ಒಂದು ದಿನ ನಮ್ಮ ಹಿತ್ತಲಿಗೆ ಓಡಿಬಂದಳು.

"ಪುಟ್ಪುಟ್ಟ ಕೈಯಿ, ಕಾಲು... ಪೇಪರ್ ಮ್ಯಾಲೆ ಸಾಲಾಗಿ ಮಡಗವ್ಳೆ ಕಣ್ರವ್ವ. ತಲೆ ಬ್ಯಾರೆ ಮಡಗವ್ಳೆ. ಒಂದು ಕಾಲಿಗೆ ದಾರ ಸುತ್ತವ್ಳೆ. ಬ್ಲೇಡು ಹಿಡ್ಕಂಡು ಕುಂತವ್ಳೆ!"

ಹೆಂಗಸರನ್ನು ಜೀಪಿಗೆ ತುಂಬಿಕೊಂಡು ಮಕ್ಕಳಾಗದ ಹಾಗೆ ಆಪರೇಷನ್ನಿಗೆ ಒಯ್ಯುತ್ತಿದ್ದ ಕಾಲದ ಹೆದರಿಕೆ ಆ ಊರಿನಲ್ಲಿ ಇನ್ನೂ ಆರಿರಲಿಲ್ಲ. ಹೆರಿಗೆ ಮಾಡಿಸುವವಳ ಮನೆಯಲ್ಲಿ ಪುಟ್ಟ ಕೈಕಾಲು ಅಂದರೆ ಇನ್ನೇನು ಬೇಕು? ನಿಲ್ಲದ ಬಸಿರಿನ ಕೂಸುಗಳನ್ನು ಒಯ್ದು ಮಾಟಕ್ಕೆ ಬಳಸುತ್ತಾಳೆ ಅಂದರು. ದಾರ ಸುತ್ತಿದ್ದು ಯಾರ ಹೆಸರಿಗೋ ಅಂದರು. ಬಸುರಿಯರು ಅವರನ್ನು ಕಂಡರೆ ಸೆರಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯತೊಡಗಿದರು. ಆಗ ನನಗೂ ತಿಂಗಳು ತುಂಬುತ್ತಾ ಬಂದಿತ್ತು. ಅತ್ತೆ ನನ್ನ ತೋಳಿಗೆ ತಾಯಿತ ಕಟ್ಟಿ, "ಅವಳ ನೆಳ್ಳೂ ಸೋಕಬಾರ್ದು, ಹೇಳಿವ್ನಿ," ಅಂದರು.

ಸೋಕದಿದ್ದರೂ ನೋಡದೆ ಇರಲು ನನ್ನಿಂದ ಆಗಲಿಲ್ಲ. ಬಟ್ಟೆ ಒಣಹಾಕುವ ನೆವದಲ್ಲಿ ತಟ್ಟಿಯ ಸಂದಿಗೆ ಕಣ್ಣಿಟ್ಟೆ. ಅವರ ಕಿಟಕಿ ಅರ್ಧ ತೆರೆದಿತ್ತು. ಮೇಜಿನ ಮುಂದೆ ಬಗ್ಗಿ ಕೂತಿದ್ದರು. ಚಿಮಟದಲ್ಲಿ ನನ್ನ ಕಿರುಬೆರಳಿನಷ್ಟು ಗಾತ್ರದ ಒಂದು ಕೈ. ಹೌದು, ಕೈಯೇ... ಮುಷ್ಟಿ ಬಿಗಿದಿತ್ತು. ಅದನ್ನು ಬೆಳಕಿಗೆ ಹಿಡಿದು, ಊದಿ, ಪಕ್ಕಕ್ಕಿಟ್ಟರು. ಆಮೇಲೆ ಗುಂಡಗಿನ ಒಂದು ತಲೆ ಎತ್ತಿಕೊಂಡು ಅದರ ಕಣ್ಣಿಗೆ ಕುಂಚದಿಂದ ಕೆಂಪು ಇಟ್ಟರು. ನನ್ನ ಹೊಟ್ಟೆಯೊಳಗೆ ಕೂಸು ಒದೆಯಿತು. ಅವರು ಥಟ್ಟನೆ ಈ ಕಡೆ ತಿರುಗಿದರು. ಅವರ ಕಣ್ಣಿಗೆ ನಾನು ಬಿದ್ದೆನೋ ಇಲ್ಲವೋ ತಿಳಿಯದು. ಎದ್ದು ಬಂದು ಕಿಟಕಿ ಎಳೆದುಕೊಂಡರು. ಅಂದಿನಿಂದ ಅತ್ತೆಯ ಮಾತನ್ನು ನಾನೂ ನಂಬಿದೆ.

ನಮ್ಮೆಜಮಾನರು ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗಿದ್ದ ದಿನವೇ ನನಗೆ ನೋವು ಬಂತು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಅತ್ತೆ ಊರಿನ ಸೂಲಗಿತ್ತಿ ಅಜ್ಜಿಯನ್ನು ಕರೆಸಿದರು. ಅಜ್ಜಿ ಬಹಳ ಹೊತ್ತು ಹೊಟ್ಟೆ ನೀವಿ ನೋಡಿತು. ಕೊನೆಗೆ ಕೈ ಒರೆಸಿಕೊಂಡು, "ಕಾಲು ಮುಂದಾಗೈತೆ. ನನ್ ಕೈಲಾಗಾಕಿಲ್ಲ. ನರ್ಸಮ್ಮನ್ನ ಕರ್ಕಬನ್ನಿ," ಅಂದಿತು.

ಅತ್ತೆ ಅಲುಗಲಿಲ್ಲ. "ಅವಳು ಬ್ಯಾಡ. ಗಾಡಿ ಕಟ್ಟುಸ್ತೀನಿ."

"ಗಾಡಿ ತಿಪಟೂರು ಸೇರಾಗಂಟ ಇವಳು ಇರ್ತಾಳಾ?" ಅಂದಿತು ಅಜ್ಜಿ.

ನಾನು ಕಿರುಚುತ್ತಿದ್ದೆ. ಯಾರೂ ಕರೆಯಲಿಲ್ಲ. ಆದರೂ ಹಿತ್ತಲ ಬಾಗಿಲಿನಲ್ಲಿ ನರ್ಸಮ್ಮ ಬಂದು ನಿಂತಿದ್ದರು, ಕೈಯಲ್ಲಿ ಪೆಟ್ಟಿಗೆ. ಅತ್ತೆ ಹೊಸ್ತಿಲಿಗೆ ಅಡ್ಡವಾದರು.

"ಕೈ ತೋರ್ಸು."

ನರ್ಸಮ್ಮ ಎರಡೂ ಕೈ ಚಾಚಿದರು. ಬಲಗೈಯ ಬೆರಳ ತುದಿಗಳು ಕೆಂಪಗಿದ್ದವು.

"ಏನದು?"

"ಬಣ್ಣ ಕಣಮ್ಮ. ಸೀಮೆಎಣ್ಣೆ ಕೊಡಿ, ಹೋಗುತ್ತೆ. ಆಮೇಲೆ ಸೋಪು, ಬಿಸಿನೀರು. ಬೈಯೋದನ್ನ ನಾಳೆ ಬೈಯಿರಿ, ಈಗ ದಾರಿ ಬಿಡಿ."

ಅತ್ತೆ ಅವರ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಪಕ್ಕಕ್ಕೆ ಸರಿದರು. ಸೀಮೆಎಣ್ಣೆಯ ವಾಸನೆ, ಸೋಪಿನ ವಾಸನೆ, ನನ್ನ ಮೊಣಕಾಲ ಮೇಲೆ ಬಿಸಿಯಾದ ಒಂದು ಕೈ... ಅದಷ್ಟು ನೆನಪಿದೆ. ಕೂಸು ಹೊರಗೆ ಬಂದಾಗ ಅಳಲಿಲ್ಲ. ನರ್ಸಮ್ಮ ಅದರ ಬಾಯಿ ಒರೆಸಿ, ಅಂಗಾಲು ತಿಕ್ಕಿ, ಬಾಯಿಗೆ ಬಾಯಿ ಇಟ್ಟು ಊದಿದರು. ಮತ್ತೆ ಊದಿದರು. ಕೋಣೆಯಲ್ಲಿದ್ದದ್ದು ನಾವು ನಾಲ್ಕೇ ಹೆಂಗಸರು. ಆಮೇಲೆ ನನ್ನ ಮಗಳು ಅತ್ತಳು.

ಬಾಣಂತನ ಮುಗಿದ ಮೇಲೆ ಒಂದು ಮಧ್ಯಾಹ್ನ ಮಗಳನ್ನು ತೂಗಿ ನೋಡಲು ಅವರು ಬಂದಾಗ ನಾನೇ ಬಾಯಿ ಬಿಟ್ಟು ಕೇಳಿದೆ: "ನಿಮ್ಮನೇಲಿ ಅದೇನು ನರ್ಸಮ್ಮ?" ಅವರು ನಕ್ಕರು. "ತಟ್ಟಿ ಸಂದೀಲಿ ಸರಿಯಾಗಿ ಕಾಣಲಿಲ್ವಾ? ಬಾ."

ಬೀರುವಿನಲ್ಲಿ ಗೇಣುದ್ದದ ಬೊಂಬೆಗಳು ಸಾಲಾಗಿ ನಿಂತಿದ್ದವು. ಮನುಷ್ಯನ ಆಕಾರ, ಯಂತ್ರದ ಮೈ. ಎದೆಗೆ ಕವಚ, ತಲೆಗೆ ಕೊಂಬು. ರೋಬೋ ಅಂತಾರೆ ಅಂದರು. ಅವರ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದ. ಜಪಾನಿನ ಬಂದರಿಗೆ ಹೋದಾಗಲೆಲ್ಲ ಒಂದೊಂದು ಪೆಟ್ಟಿಗೆ ಕಳಿಸುತ್ತಿದ್ದ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಬಳ್ಳಿಗೆ ಕಾಯಿ ಅಂಟಿದ ಹಾಗೆ ಒಂದೊಂದಕ್ಕೂ ಚೂರುಗಳು ಅಂಟಿಕೊಂಡಿದ್ದವು. ಬ್ಲೇಡಿನಲ್ಲಿ ಬಿಡಿಸಿಕೊಳ್ಳಬೇಕು, ಉಗುರು ಉಜ್ಜುವ ಅರದಲ್ಲಿ ನಯ ಮಾಡಬೇಕು, ಚಿತ್ರ ನೋಡಿಕೊಂಡು, ತಟ್ಟಿ ದಾಟಿ ಬರುತ್ತಿದ್ದ ಆ ಘಾಟಿನ ಅಂಟಿನಲ್ಲಿ ಅಂಟಿಸಬೇಕು. ಅಂಟು ಒಣಗುವವರೆಗೆ ಸಂದು ಬಾಯಿ ಬಿಡದಂತೆ ದಾರ ಸುತ್ತಿಡಬೇಕು. ಊರನ್ನು ಹೆದರಿಸಿದ್ದ ಆ ದಾರ ಅದು! ಒಂದು ಬೊಂಬೆಯನ್ನು ನನ್ನ ಅಂಗೈ ಮೇಲಿಟ್ಟು ಮೊಣಕೈ ಮಡಚಿ ತೋರಿಸಿದರು. ನಯವಾಗಿ ಮಡಚಿಕೊಂಡಿತು.

ನನಗೆ ಆಗಲೂ ಪೂರ್ತಿ ನಂಬಿಕೆ ಬರಲಿಲ್ಲ. ಮಕ್ಕಳಾಟಿಕೆ ಇದು. ಇಷ್ಟು ದೊಡ್ಡ ಹೆಂಗಸು ಬಾಗಿಲು ಹಾಕಿಕೊಂಡು ಯಾಕೆ ಮಾಡಬೇಕು? ಕೇಳಿಯೇ ಬಿಟ್ಟೆ.

"ಎಲ್ಲ ಹೆರಿಗೇನೂ ನಿನ್ನದರ ಹಾಗೆ ಮುಗಿಯಲ್ಲ ಕಣಮ್ಮ," ಅಂದರು. "ಕೆಲವು ದಿನ ಮನೆಗೆ ಬಂದರೆ ಕೈ ನಡುಗ್ತಿರುತ್ತೆ. ಇಲ್ಲಿ ಕೂತರೆ... ಕೈ ಸೇರಿಸಿದ್ರೆ ಕೈ ಸೇರುತ್ತೆ, ಕಾಲು ಸೇರಿಸಿದ್ರೆ ಕಾಲು. ತಪ್ಪಾದ್ರೆ ಯಾರೂ ಅಳಲ್ಲ."

ಆಮೇಲೆ ನಾನು ಆಗಾಗ ಹೋಗುತ್ತಿದ್ದೆ. ಮಗಳನ್ನು ಚಾಪೆಯ ಮೇಲೆ ಮಲಗಿಸಿ ನಾನು ಚೂರುಗಳನ್ನು ಉಜ್ಜಿಕೊಟ್ಟರೆ ಅವರು ಅಂಟಿಸುತ್ತಿದ್ದರು. ಹೆಚ್ಚು ಮಾತಿರಲಿಲ್ಲ. ನಾಮಕರಣದ ದಿನ ಅತ್ತೆಯೇ ಅವರಿಗೆ ಮಡಿಲಕ್ಕಿ ತುಂಬಿ ಕುಂಕುಮ ಇಟ್ಟಿದ್ದರಿಂದ ಎಲ್ಲ ಸರಿಹೋಯಿತು ಎಂದುಕೊಂಡೆ.

ಮುಂಗಾರು ಹಿಡಿಯುವ ಮೊದಲು ಒಂದು ದಿನ ಅವರ ಮನೆ ಮುಂದೆ ಜೀಪು ನಿಂತಿತು. ಯಾರೋ ದೂರು ಕೊಟ್ಟಿದ್ದಕ್ಕೆ ಬಂದಿದ್ದ ಇಲಾಖೆಯ ಮೇಲಧಿಕಾರಿ. ಊರವರು ಬಾಗಿಲಿಗೆ ಮುತ್ತಿದರು. ಅತ್ತೆಯೂ ನಾನೂ ಹೋಗಿ ನಿಂತೆವು. ಸಾಹೇಬರು ಬೀರು ತೆಗೆಸಿ, ಒಂದು ಬೊಂಬೆ ಎತ್ತಿಕೊಂಡು ನಗಲು ಶುರುಮಾಡಿದರು. "ಇದೇನಾ ನಿಮ್ಮೂರಿನ ಮಾಟ?" ಅನ್ನುತ್ತಾ ಅದರ ತೋಳನ್ನು ತಿರುವಿದರು. ಅದು ಲಟಕ್ಕನೆ ಮುರಿಯಿತು. ಜನ ನಕ್ಕರು. ನರ್ಸಮ್ಮ ಬಗ್ಗಿ ತೋಳನ್ನು ಹೆಕ್ಕಿ ಮುಷ್ಟಿಯಲ್ಲಿ ಹಿಡಿದುಕೊಂಡರು.

ಹೊರಡುವಾಗ ಸಾಹೇಬರು ಇನ್ನೊಂದು ಮಾತು ಕೇಳಿದರು. "ಹೆರಿಗೆಗೆ ಹೋದಾಗ ಬೆರಳೆಲ್ಲ ಬಣ್ಣ ಇತ್ತಂತೆ? ಸೀಮೆಎಣ್ಣೆಯಲ್ಲಿ ಕೈ ತೊಳೆದ್ರಂತೆ? ಹೌದೇನ್ರೀ?"

ನರ್ಸಮ್ಮ "ಹೌದು ಸಾರ್" ಅಂದರು. ಹಾಗೆಂದು ತಲೆ ಎತ್ತಿ ನೋಡಿದ್ದು ನನ್ನನ್ನು.

ಅದು ಗೊತ್ತಿದ್ದದ್ದು ನನ್ನ ಹೆರಿಗೆಯ ಕೋಣೆಯಲ್ಲಿದ್ದವರಿಗೆ ಮಾತ್ರ. ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಸೂಲಗಿತ್ತಿ ಅಜ್ಜಿಯೇ? ನರ್ಸಮ್ಮ ಬಂದ ಮೇಲೆ ಅಜ್ಜಿಯ ಕೈಗೆ ಹೆರಿಗೆ ಕಡಿಮೆಯಾಗಿದ್ದು ನಿಜ. ಆದರೆ ಅವರನ್ನು ಕರೆಯಿರಿ ಎಂದು ಮೊದಲು ಬಾಯಿ ಬಿಟ್ಟದ್ದೂ ಆ ಅಜ್ಜಿಯೇ. ಹಾಗಾದರೆ... ನಾನು ಪಕ್ಕಕ್ಕೆ ತಿರುಗಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಮನೆ ಕಡೆ ಹೊರಟಿದ್ದರು.

ನರ್ಸಮ್ಮನಿಗೆ ವರ್ಗದ ಆರ್ಡರು ಬೇಗ ಬಂತು. ಬಸ್ಸಿನ ಹತ್ತಿರ ನಾನು ಮಗಳನ್ನು ಎತ್ತಿಕೊಂಡು ಓಡಿದೆ. ಎರಡು ಟ್ರಂಕು ಟಾಪಿನ ಮೇಲೆ ಏರಿಯಾಗಿತ್ತು. "ನಾನು ಹೇಳಲಿಲ್ಲ ನರ್ಸಮ್ಮ. ಈ ಕೂಸಿನಾಣೆ," ಅಂದೆ. ಅವರು ಮಗಳ ಪಾದ ಮುಟ್ಟಿ, ಹೆಬ್ಬೆರಳನ್ನು ಮೆಲ್ಲಗೆ ಹಿಂಡಿದರು. "ಆಣೆ ಎಲ್ಲ ಯಾಕೆ? ಹೋಗ್ಲಿ ಬಿಡಮ್ಮ," ಅಂದರು. ನಂಬಿದೆ ಅನ್ನಲಿಲ್ಲ. ನಂಬಲಿಲ್ಲ ಅಂತಲೂ ಅನ್ನಲಿಲ್ಲ.

ನಮ್ಮ ಮನೆಯಲ್ಲಿ ಆಮೇಲೆ ಎಷ್ಟೋ ವರ್ಷ ಅತ್ತೆ ಬಡಿಸಿದ್ದನ್ನು ಉಂಡೆ, ಅವರಿಗೆ ತಲೆ ಬಾಚಿದೆ, ಕೊನೆಗಾಲದಲ್ಲಿ ಮೈ ಒರೆಸಿದೆ. ಆ ಜೀಪಿನ ದಿನ ಮಾತ್ರ ನಮ್ಮಿಬ್ಬರ ನಡುವೆ ಕೂತೇ ಇತ್ತು. ಅವರು ಹಾಸಿಗೆ ಹಿಡಿದಿದ್ದಾಗ ಒಂದು ಸಲ ಧೈರ್ಯ ಮಾಡಿ, "ಅತ್ತೆ, ನರ್ಸಮ್ಮನ ಮೇಲೆ ದೂರು ಕೊಟ್ಟಿದ್ದು ಯಾರು?" ಎಂದು ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು. "ಯಾವ ನರ್ಸಮ್ಮ ಕಣೇ?" ಅಂದರು. ಮರೆತಿದ್ದರೋ, ಮರೆತಂತೆ ಮಾಡಿದರೋ... ಇವತ್ತಿಗೂ ಹೇಳಲಾರೆ.

ಛತ್ರದಿಂದ ಬಂದ ಮಾರನೆಯ ದಿನ, ಹಿಂದೆ ಅದೇ ಇಲಾಖೆಯಲ್ಲಿದ್ದ ಪರಿಚಯದ ಹೆಂಗಸೊಬ್ಬರಿಗೆ ಫೋನ್ ಮಾಡಿಸಿ ವಿಚಾರಿಸಿದೆ. ನರ್ಸಮ್ಮ ತೀರಿಕೊಂಡು ಬಹಳ ವರ್ಷವಾಯಿತಂತೆ, ಭದ್ರಾವತಿಯಲ್ಲಿ, ತಮ್ಮನ ಮನೆಯಲ್ಲಿ. ಮಗಳಿಗೆ ಹೇಳಿದೆ. "ಅಷ್ಟು ದಿನ ಆದಮೇಲೆ ಈಗ ಯಾಕಮ್ಮ ಅಳ್ತೀಯ?" ಅಂದಳು. ಬೇರೆ ಯಾರು ಏನಂದುಕೊಂಡರೂ ನನಗೆ ಆಗಬೇಕಾದ್ದಿರಲಿಲ್ಲ. ಹೇಳಿದ್ದು ನಾನಲ್ಲ ಎಂಬುದನ್ನು ನಂಬಬೇಕಾಗಿದ್ದವರು ನರ್ಸಮ್ಮ ಒಬ್ಬರೇ. ನಂಬಿ ಹೋದರೋ, ಹಾಗೇ ಹೋದರೋ, ಇನ್ನು ಯಾರನ್ನು ಕೇಳಲಿ?