ಬೆರಿಲ್ ಬರೆಯದ ಒಂದು ರೆಕಾರ್ಡು

ಡಡ್ಲಿ ಪಟ್ಟಣದಲ್ಲಿ ಬೆರಿಲ್ ಟೊಂಕ್ಸ್‌ಳ ಹಾಡಿನ ರೆಕಾರ್ಡು ಅಂಗಡಿಯ ದಿನಚರಿ ಪುಸ್ತಕವೆಂದರೆ ಸಾಮಾನ್ಯವಲ್ಲ. ಮಾರಾಟವಾದ ಪ್ರತಿ ರೆಕಾರ್ಡಿನ ಸಂಖ್ಯೆಯನ್ನೂ ಆಕೆ ಅದರಲ್ಲಿ ಬರೆಯಬೇಕು. ಅಂಥ ಹಲವು ಅಂಗಡಿಗಳ ಪುಸ್ತಕಗಳು ಲಂಡನ್ನಿಗೆ ಹೋಗಿ, ಅಲ್ಲಿ ಇಡೀ ದೇಶದಲ್ಲಿ ಹೆಚ್ಚು ಮಾರಾಟವಾದ, ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ರೆಕಾರ್ಡುಗಳ ಪಟ್ಟಿ ತಯಾರಾಗುತ್ತಿತ್ತು. ಬೆರಿಲ್‌ಗೆ ಆ ಸಂಗೀತ ಕೇಳಿದರೆ ತಲೆನೋವು. ಆದರೂ ಈ ಸಲ ಅವಳ ಜೀವವೆಲ್ಲ ಆ ಪಟ್ಟಿಯಲ್ಲೇ ಇತ್ತು. ಮಗ ರಾಯ್‌ಸ್ಟನ್ ಡ್ರಮ್ ಬಾರಿಸಿದ್ದ ಮೊದಲ ರೆಕಾರ್ಡು ಹೊರಬಂದಿತ್ತು.

ಒಂದು ಶುಕ್ರವಾರ ಎರಕದ ಕಾರ್ಖಾನೆಯ ಹೊರೇಸ್ ಬಂದು, ತನ್ನ ಪಾಳಿಯವರಿಗೆಲ್ಲ ಸೇರಿಸಿ ಆ ರೆಕಾರ್ಡಿನ ಹನ್ನೊಂದು ಪ್ರತಿ ಒಯ್ದ. ಒಬ್ಬ ತಿಂಡಿ ತರಲು ಹೋದರೆ ಎಲ್ಲರಿಗೂ ತರುವುದು ಅಲ್ಲಿನ ವಾಡಿಕೆ. ಬೆರಿಲ್ ಹನ್ನೊಂದನ್ನೂ ಬರೆದಳು. ಲಂಡನ್ನಿನವರು ಹನ್ನೊಂದನ್ನೂ ಲೆಕ್ಕದಿಂದ ಹೊಡೆದುಹಾಕಿದರು. ಒಬ್ಬನೇ ಅಷ್ಟು ಕೊಂಡರೆ ಅದು ಮೋಸವಂತೆ. ಮುಂದಿನ ವಾರದ ಶನಿವಾರ ತನಿಖೆಗೆ ಒಬ್ಬರು ಬರುತ್ತಾರಂತೆ.

ಬೆರಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಕಾರ್ಖಾನೆಯ ಬಾಗಿಲಿಗೇ ಹೋಗಿ ನಿಂತಳು.

"ಹೊರೇಸ್, ಹನ್ನೊಂದನ್ನೂ ವಾಪಸ್ ಕೊಡ್ಸು. ದುಡ್ಡು ಕೊಡ್ತೀನಿ. ಶನಿವಾರ ಒಬ್ಬೊಬ್ರೂ ತಾವೇ ಬಂದು ತಗೊಳ್ಲಿ."

"ಹಾಕಿ ಹಾಕಿ ಸವೆಸಿಬಿಟ್ಟಿದ್ದಾರೆ ಕಣೆ ಬೆರಿಲ್."

"ಸವೆದಿದ್ದನ್ನೇ ತರ್ಲಿ. ಅವರವರದ್ದು ಅವರವರಿಗೇ ಕೊಡ್ತೀನಿ."

"ನಿನ್ನ ಹಟಕ್ಕೆ ನಮ್ಮ ಕುಲುಮೆನೂ ತಣ್ಣಗಾಗುತ್ತೆ ಬಿಡು," ಎಂದ ಹೊರೇಸ್.

ಆದರೂ ಶುಕ್ರವಾರದೊಳಗೆ ಹನ್ನೊಂದೂ ಅಂಗಡಿಗೆ ವಾಪಸ್ ಬಂದವು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಮಸಿ ಮೆತ್ತಿದ ಮುಖದಲ್ಲೇ ಹನ್ನೊಂದು ಜನ ಸಾಲಾಗಿ ಬಂದರು. ತನಿಖೆಗೆ ಬಂದ ಲಂಡನ್ನಿನ ಮಿಸ್ಟರ್ ಲವೆಲ್ ಮೂಲೆಯಲ್ಲಿ ಕೋಟು ಬಿಚ್ಚದೆ ನಿಂತಿದ್ದ.

"ಇದರ ಒಂದು ಹಾಡು ಹೇಳಪ್ಪ ನೋಡೋಣ," ಎಂದ ಮೊದಲನೆಯವನಿಗೆ.

ಆತ ಹಾಡಿಯೇಬಿಟ್ಟ. ಹಿಂದಿನ ಹತ್ತು ಜನ ದನಿಗೂಡಿಸಿದರು. ಲವೆಲ್ ಕಿವಿ ಮುಚ್ಚಿಕೊಂಡು, "ಸಾಕು ಸಾಕು, ನಂಬಿದೆ," ಎಂದ. ಒಬ್ಬೊಬ್ಬರೂ ದುಡ್ಡು ಕೊಟ್ಟು ತಮ್ಮ ರೆಕಾರ್ಡು ಒಯ್ದಂತೆ ಬೆರಿಲ್ ಪುಸ್ತಕದಲ್ಲಿ ಹನ್ನೊಂದು ಸಲ ಬರೆದಳು.

ಸಾಲು ಕರಗಿದ ಮೇಲೆ ಬೆರಿಲ್ ತನ್ನ ಪರ್ಸಿನಿಂದ ದುಡ್ಡು ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿ, ಅದೇ ರೆಕಾರ್ಡಿನ ಹೊಸ ಪ್ರತಿಯೊಂದನ್ನು ಕೈಚೀಲಕ್ಕೆ ಇಳಿಸಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

"ಅದನ್ನ ಬರೀಲಿಲ್ಲವಲ್ಲ ಮಿಸೆಸ್ ಟೊಂಕ್ಸ್," ಎಂದ ಲವೆಲ್.

ನಿಜ ಬಾಯಿಬಿಟ್ಟರೆ ಹನ್ನೊಂದಕ್ಕೂ ಕುತ್ತು ಎಂದು ಆಕೆಗೆ ಗೊತ್ತಿತ್ತು. ಹೆದರಿಕೆಯೂ ಆಯಿತು. ಆದರೂ ತಲೆಯೆತ್ತಿ ಹೇಳಿದಳು: "ಡ್ರಮ್ ಬಾರಿಸಿರೋನು ನನ್ನ ಮಗ. ತಾಯಿ ಕೊಂಡಿದ್ದು ಲೆಕ್ಕಕ್ಕೆ ಬರಲ್ಲ."

ಲವೆಲ್ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡ. ಬೆರಳಿಟ್ಟು ಹನ್ನೊಂದನ್ನೂ ಎಣಿಸಿದ. ಆಮೇಲೆ ಅಡಿಯಲ್ಲಿ ತನ್ನ ರುಜು ಹಾಕಿದ.